ಗೋಡೆಗೆ ಹಾಕಿದ ಕೌದಿ

ಬೈಲಹೊಂಗಲ
ಮಂಗಳವಾರ

ಚಿಗವ್ವಾ,

ಫೋನ್ ಮಾಡಿದರೆ ನೀನು "ಇರ್ಲಿ ಬಿಡ, ಅನ್ನಿ" ಎನ್ನುತ್ತೀ, ನಾನೂ ಅಷ್ಟಕ್ಕೇ ಸುಮ್ಮನಾಗಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹೊಲಿದು ಕೊಟ್ಟ ಕೌದಿಯನ್ನು ಹೊದೆಯದೆ ಹೊರಗಿನ ಕೋಣೆಯ ಗೋಡೆಗೆ ತೂಗುಹಾಕಿದ್ದು ಕಂಡು, ನನ್ನ ಮನೆಗೆ ಬಂದ ಮೊದಲ ದಿನ ನೀನು ನಕ್ಕಿದ್ದೆ. "ಗ್ವಾಡಿಗೆ ಥಂಡಿ ಆಗತೈತೇನವಾ?" ಎಂದು ಕೇಳಿದ್ದೆ.

ಭಾನುವಾರ ನನ್ನ ಜೊತೆಯ ಟೀಚರುಗಳು ಬಂದರು. "ಎಷ್ಟ್ ಚಂದ ಐತ್ರಿ, ಎಲ್ಲಿ ತಂದ್ರಿ?" ಎಂದಾಗ, ಹುಬ್ಬಳ್ಳಿಯ ಪ್ರದರ್ಶನದಲ್ಲಿ ಕೊಂಡೆ ಎಂದುಬಿಟ್ಟೆ. ನೀನು ಚಹಾ ತಂದು ಅಲ್ಲೇ ನಿಂತಿದ್ದೆ. ನೀನು ಯಾರೆಂದೂ ನಾನು ಅವರಿಗೆ ಹೇಳಿರಲಿಲ್ಲ. ನನ್ನ ಮುಖ ನೋಡಿ ನೀನೇ, "ಹೌದ್ರಿ, ಅಕ್ಕೋರು ಅಲ್ಲೇ ತಗೊಂಡಾರ್ರಿ" ಎಂದೆ. ಎತ್ತಿ ಆಡಿಸಿದ ಮಗಳನ್ನು, ಮನೆಗೆಲಸದವಳ ಹಾಗೆ, ಅಕ್ಕೋರು ಎಂದೆ. ಮರುದಿನ ಮೊದಲ ಬಸ್ಸಿಗೇ ನೀನು ನಿನ್ನೂರು ಕಟಕೋಳಕ್ಕೆ ಹೊರಟೆ.

ಆ ಕೌದಿಯಲ್ಲಿ ಅವ್ವನ ಇಳಕಲ್ ಸೀರೆ ಇದೆ, ನನ್ನ ಚಿಕ್ಕಂದಿನ ಲಂಗ ಇದೆ. ಹಳೆಯ ಬಟ್ಟೆಯದೆಂದು ಗೊತ್ತಾಗಬಾರದೆಂದು ಸುಳ್ಳು ಹೇಳಿದೆನೋ, ನಿನ್ನನ್ನು ತೋರಿಸಲು ನಾಚಿದೆನೋ? ಎರಡು ದಿನದಿಂದ ಕೇಳಿಕೊಳ್ಳುತ್ತಿದ್ದೇನೆ. ಎರಡನೆಯದೇ ನಿಜ.

ಬರುವ ಭಾನುವಾರ ಅವರನ್ನು ಮತ್ತೆ ಕರೆದಿದ್ದೇನೆ. ನೀನು ಶನಿವಾರವೇ ಬಾ. ಮಂಡಿಗೆ ಹಚ್ಚುವ ಎಣ್ಣೆ ಇಲ್ಲಿಯೇ ಮರೆತಿದ್ದೀ, ಬೇರೆ ಕೊಳ್ಳಬೇಡ. ಬಸ್ ಸ್ಟ್ಯಾಂಡಿಗೆ ನಾನು ಬರುತ್ತೇನೆ. ಅವರಿಗೆ ಫೋನಿನಲ್ಲೇ ನಿಜ ಹೇಳಬಹುದಿತ್ತು, ಆದರೆ ನೀನು ಎದುರಿಗಿಲ್ಲದಾಗ ಅದು ಸುಲಭ. ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲು, ಇವಳು ನನ್ನ ಚಿಗವ್ವ ಎನ್ನುತ್ತೇನೆ. ಕೌದಿಯ ಮಾತು ಆಮೇಲೆ.

ನಿನ್ನ ಅಕ್ಕನ ಮಗಳು,
ಅನ್ನಪೂರ್ಣಾ