ಅವರ ಹೆಸರಿನ ಪಾಸ್

ಮೇ 14, 1996. ವೆಸ್ಟ್‌ಮೀಡ್

ಬೆಳಗಿನ ಶಿಫ್ಟ್. ಆಸ್ಪತ್ರೆಯ ಅಡುಗೆಮನೆಯಲ್ಲಿ ಇಬ್ಬರು ರಜೆ. ಟ್ರೇ ಜೋಡಿಸಿ ಜೋಡಿಸಿ ಕೈ ಜೋಮು ಹಿಡಿಯಿತು. ಬರುವಾಗ ಹಾಲು, ಬ್ರೆಡ್, ಮಗಳು ಹಂಸಾಗೆ ಪೆನ್ನು.

ಲೆಟರ್‌ಬಾಕ್ಸಿನಲ್ಲಿ ದಪ್ಪ ಲಕೋಟೆ. ಸ್ಕೀ ಪಾಸುಗಳು. ಹಂಸಾದು ಒಂದು, ಅವರದು ಒಂದು. ಜನವರಿಯಲ್ಲಿ ದುಡ್ಡು ಕಟ್ಟಿದ್ದರು. ಫೆಬ್ರವರಿಯಲ್ಲಿ ಹೋಗಿಬಿಟ್ಟರು. ಕಂಪನಿಗೆ ಯಾರು ಹೇಳಬೇಕಿತ್ತು? ನಾನೇ.

ಪ್ಲಾಸ್ಟಿಕ್ ಹೊದಿಸಿದ ಕಾರ್ಡು. ಅದರ ಮೇಲೆ ಅವರ ಫೋಟೋ. ಪಾಸ್ ಮಾರುವ ಕಡೆಯೇ ಕೂರಿಸಿ ತೆಗೆದದ್ದು. ನಗಬಾರದು ಅಂದಿದ್ದರಂತೆ. ನಗು ತಡೆದುಕೊಂಡ ಮುಖ. ಅದೇ ಕೊನೆಯ ಫೋಟೋ. ನಮ್ಮಲ್ಲಿ ಅದರ ಬೇರೆ ಪ್ರತಿ ಇಲ್ಲ.

ದೇವರ ಗೂಡಿನಲ್ಲಿ ಇಡಲು ಹೋದೆ. ಇನ್ನೂ ವರ್ಷ ತುಂಬಿಲ್ಲ, ಇಡಬಾರದೇನೋ. ಫ್ರಿಜ್ ಮೇಲೆ ಇಟ್ಟೆ.

ಮೇ 19

ಭಾನುವಾರ. ಬಟ್ಟೆ ಒಗೆದೆ. ಹಂಸಾ ತನ್ನ ಪಾಸ್ ತೆಗೆದುಕೊಂಡು ಹೋಗಿ ಡ್ರಾಯರಿನಲ್ಲಿ ಹಾಕಿಕೊಂಡಳು. ಅಪ್ಪನದನ್ನು ಮುಟ್ಟಲಿಲ್ಲ.

ಮಂಜಿನ ಮೇಲೆ ಜಾರುವ ಈ ಸ್ಕೀ ಆಟವನ್ನು ಇವಳು ಸ್ಕೂಲ್ ಕ್ಯಾಂಪಿನಲ್ಲಿ ಕಲಿತಳು. ನೋಡಲು ಹೋದವರು ತಾವೂ ಕಲಿತರು, ತಲೆ ನರೆತ ಮೇಲೆ. ರೈಲ್ವೆ ಸಿಗ್ನಲ್ ಇಂಜಿನಿಯರು, ಬಿದ್ದು ಎದ್ದು ಮೈಯೆಲ್ಲ ಮಂಜು ಮಾಡಿಕೊಂಡು ನಗುತ್ತಾ ಬರುತ್ತಿದ್ದರು. ಟಿಕೆಟ್ ದುಬಾರಿ, ಹಾಗಾಗಿ ವರ್ಷಕ್ಕೆ ಒಂದೇ ದಿನ. ಆ ಒಂದು ದಿನ ಬೆಟ್ಟ ಹತ್ತಿಸುವ ಮೊದಲ ಲಿಫ್ಟಿನಿಂದ ಕೊನೆಯ ಲಿಫ್ಟಿನವರೆಗೆ. ಊಟಕ್ಕೂ ಕೆಳಗೆ ಇಳಿಯುತ್ತಿರಲಿಲ್ಲ. ಚಪಾತಿ ಸುತ್ತಿ ಜೇಬಿನಲ್ಲಿಟ್ಟು ಕಳಿಸುತ್ತಿದ್ದೆ, ಲಿಫ್ಟಿನ ಕುರ್ಚಿಯಲ್ಲಿ ಕೂತೇ ತಿನ್ನುತ್ತಿದ್ದರು.

ಒಂದು ವರ್ಷ ಅರ್ಧ ದಿನದ ಟಿಕೆಟ್ ತೆಗೆದಿದ್ದರು. ಹೊತ್ತು ಮುಗಿದ ಮೇಲೂ ಗೇಟಿನ ಹುಡುಗ ಬಾ ಬಾ ಅಂದನಂತೆ. ‘ಇಲ್ಲಪ್ಪ, ನನ್ನ ಟೈಮ್ ಆಯ್ತು’ ಅಂತ ಇಳಿದು ಬಂದರು. ಹಂಸಾ ಕಾರಿನಲ್ಲಿ ದಾರಿಯುದ್ದಕ್ಕೂ ಅಣಕಿಸಿದಳು.

ಈ ವರ್ಷ ಹೊಸ ಏರ್ಪಾಡು. ಮೂರು ಬೆಟ್ಟದ ಕಂಪನಿಗಳು ಸೇರಿಕೊಂಡವು. ಎರಡು ನಮ್ಮ ಕಡೆಯವು, ಒಂದು ಮೆಲ್ಬರ್ನ್ ಕಡೆಯದು. ಒಂದೇ ಪಾಸ್, ಜೂನಿನಿಂದ ಶುರುವಾಗುವ ಇಡೀ ಮಂಜಿನ ಸೀಸನ್, ಎಲ್ಲಿಗೆ ಬೇಕಾದರೂ ಹೋಗಬಹುದು. ಅವರು ಕುಣಿದಾಡಿಬಿಟ್ಟರು.

“ನಾಲ್ಕು ಸಲ ಹೋದ್ರೆ ವಸೂಲು ಕಣೇ. ಐದನೇ ಸಲದಿಂದ ಬಿಟ್ಟಿ!”

“ನಾಲ್ಕು ಸಲ ಹೋಗೋ ಪೆಟ್ರೋಲು? ರೂಮು?”

“ಅದು ಬೇರೆ ಅಕೌಂಟು.”

ಮೇ 28

ಲಕೋಟೆಯಲ್ಲಿ ಒಂದು ಕಾಗದವೂ ಇತ್ತು. ಸೀಸನ್ ಶುರುವಾಗುವ ಮೊದಲು ತಿಳಿಸಿದರೆ, ಕಾರ್ಡು ಹಿಂದಿರುಗಿಸಿದರೆ, ದುಡ್ಡು ವಾಪಸ್.

ಫೋನ್ ಮಾಡಿದೆ. ಹುಡುಗಿ ಒಬ್ಬಳು. ಒಳ್ಳೆಯ ದನಿ. ಪಾಸಿನಲ್ಲಿ ಯಾರ ಹೆಸರಿದೆ ಅಂದಳು. ಇಟ್ಟುಬಿಟ್ಟೆ.

ಅವರ ಹೆಸರು ನಾನು ಹೇಳಿದವಳಲ್ಲ. ಮದುವೆಯಲ್ಲಿ ಉರುಟಣೆಯ ದಿನ ಒಮ್ಮೆ ಹೇಳಿಸಿದ್ದರು, ಎಲ್ಲರೂ ಸುತ್ತ ನಿಂತು ಗೋಳುಹುಯ್ದುಕೊಂಡು. ಅಷ್ಟೇ. ಇಲ್ಲಿಗೆ ಬಂದ ಮೇಲೂ ಬ್ಯಾಂಕು, ಡಾಕ್ಟರು, ಎಲ್ಲ ಕಡೆ ಕಾಗದದಲ್ಲಿ ಬರೆದು ತೋರಿಸುತ್ತಿದ್ದೆ. ಹಂಸಾ ದೊಡ್ಡವಳಾದ ಮೇಲೆ ಅವಳೇ ಹೇಳುತ್ತಿದ್ದಳು. ಅವತ್ತು ನರ್ಸ್ ಕೇಳಿದಾಗಲೂ ಅವಳೇ ಹೇಳಿದಳು.

ಇದನ್ನೂ ಅವಳ ಕೈಲಿ ಮಾಡಿಸಬಹುದು. ಹೇಳಲಿಲ್ಲ. ಕಾರ್ಡು ಹಿಂದೆ ಕೊಡಬೇಕಲ್ಲ...

ಜೂನ್ 9

ಮಾಸಿಕ. ಲಕ್ಷ್ಮೀಶ ಮೆಲ್ಬರ್ನಿನಿಂದ ಬಸ್ಸಿನಲ್ಲಿ ಬಂದ. ಅವರ ತಮ್ಮ. ನಮಗೆ ಗಂಡುಮಕ್ಕಳಿಲ್ಲ, ಬೆಂಕಿ ಇಟ್ಟವನೂ ಅವನೇ, ತಿಂಗಳು ತಿಂಗಳೂ ಬಂದು ಪಿಂಡ ಇಡುವವನೂ ಅವನೇ. ಒಂದು ಸಲವೂ ಬೇಸರ ತೋರಿಸಿಲ್ಲ.

ಊಟವಾದ ಮೇಲೆ ನೀರು ತೆಗೆದುಕೊಳ್ಳಲು ಹೋಗಿ ಫ್ರಿಜ್ ಮೇಲಿನ ಕಾರ್ಡು ನೋಡಿದ.

“ಅತ್ತಿಗೆ, ಇದು ಅಣ್ಣಂದಾ? ಥೇಟ್ ನನ್ನ ಹಾಗೇ ಇದಾನಲ್ಲ! ರಿಫಂಡ್ ತಗೊಂಡಿಲ್ವಾ?”

“ಇಲ್ಲಪ್ಪ.”

“ನಾಳೆ ಸೀಸನ್ ಓಪನ್ನು. ಇನ್ನೆಲ್ಲಿ ಕೊಡ್ತಾರೆ?” ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದ. “ಇದನ್ನ ಸುಮ್ನೆ ಫ್ರಿಜ್ ಮೇಲೆ ಕೂರಿಸಿದೀರಲ್ಲ. ನಾವಲ್ಲಿ ಒಂದು ದಿನದ ಟಿಕೆಟ್ ರೇಟ್ ಕೇಳಿ ಬಾಯಿ ಬಾಯಿ ಬಿಡ್ತಿದೀವಿ. ಪಾಸ್ ಅಗ್ಗ ಮಾಡಿದ ದುಡ್ಡೆಲ್ಲ ಡೇ ಟಿಕೆಟ್ ಮೇಲೆ ಹಾಕಿದಾರೆ. ವರ್ಷಕ್ಕೊಂದು ಸಲ ಹೋಗೋನು ಮನುಷ್ಯ ಅಲ್ವಾ?”

ಹಂಸಾ ರೂಮಿನ ಬಾಗಿಲಲ್ಲಿ ಬಂದು ನಿಂತಳು. “ದಟ್ಸ್ ಡ್ಯಾಡ್ಸ್, ಚಿಕ್ಕಪ್ಪ.”

“ಗೊತ್ತಮ್ಮ. ನಿನ್ನ ಕರ್ಕೊಂಡು ಹೋಗೋಕೆ ತಾನೆ ಅವನು ತಗೊಂಡಿದ್ದು? ಹಾಲಿಡೇಸಿಗೆ ಬಾ, ನಾನು ಕರ್ಕೊಂಡು ಹೋಗ್ತೀನಿ. ಅಣ್ಣನಿಗೂ ಸಂತೋಷ ಆಗುತ್ತೆ.”

ಅವಳು ನನ್ನ ಮುಖ ನೋಡಿದಳು. ನಾನು ಎಲೆ ಎತ್ತಲು ಹೋದೆ. ಬೆಳಗ್ಗೆ ತಾನೇ ಒದ್ದೆ ಪಂಚೆ ಉಟ್ಟು ಚಳಿಯಲ್ಲಿ ನಡುಗುತ್ತಾ ಅಣ್ಣನ ಹೆಸರಿನಲ್ಲಿ ಎಳ್ಳುನೀರು ಬಿಟ್ಟವನಿಗೆ ಬೇಡ ಅನ್ನುವುದು ಹೇಗೆ?

ಜುಲೈ 4

ನಾಳೆ ಮೆಲ್ಬರ್ನಿಗೆ. ಕಾರ್ಡಿನ ಜೊತೆ ಅವರ ನೀಲಿ ಜಾಕೆಟ್ಟನ್ನೂ ಸೂಟ್‌ಕೇಸಿನಲ್ಲಿ ಇಟ್ಟೆ. ಜಾಕೆಟ್ ಲಕ್ಷ್ಮೀಶ ಕೇಳಿರಲಿಲ್ಲ. ನಾನೇ ಇಟ್ಟೆ. ಜೇಬಿನಲ್ಲಿ ಅಡಿಕೆಪುಡಿಯ ಪೊಟ್ಟಣ. ಹಾಗೇ ಬಿಟ್ಟೆ.

ಜುಲೈ 7. ಕ್ಲೇಟನ್, ಮೆಲ್ಬರ್ನ್

ನಿನ್ನೆ ಬರೆಯಲು ಆಗಲಿಲ್ಲ.

ಬೆಳಕು ಹರಿಯುವ ಮೊದಲೇ ಹೊರಟೆವು. ಲಕ್ಷ್ಮೀಶ, ಅವನ ಹೆಂಡತಿ ಊರ್ಮಿಳಾ, ಹಂಸಾ, ನಾನು. ಪುಳಿಯೋಗರೆ, ಮೊಸರನ್ನ. ಬೆಟ್ಟದ ಬುಡದಿಂದಲೇ ಕಾರುಗಳ ಸಾಲು. ಮೇಲೆ ಹೋದರೆ ಲಿಫ್ಟಿನ ಮುಂದೆ ಜನವೋ ಜನ. ನಮ್ಮ ಕಡೆಯ ಎರಡು ಬೆಟ್ಟಕ್ಕೂ ಮಂಜು ಸರಿಯಾಗಿ ಬಿದ್ದಿಲ್ಲವಂತೆ, ಪಾಸ್ ಇದ್ದವರೆಲ್ಲ ಅಲ್ಲಿಂದ ಇಲ್ಲಿಗೇ ಬಂದಿದ್ದಾರೆ. ಸಾಲಿನಲ್ಲಿದ್ದ ಒಬ್ಬ ಮುದುಕ ಗೊಣಗುತ್ತಿದ್ದ, ಮೊದಲು ಈ ಬೆಟ್ಟದವರು ಮಾತ್ರ ಬರುತ್ತಿದ್ದರು, ಹೆಸರು ಹಿಡಿದು ಮಾತಾಡಿಸುತ್ತಿದ್ದೆವು ಅಂತ.

“ಇದೇನ್ರೀ, ಮದುವೆ ಮನೇಲಿ ಎರಡನೇ ಪಂಕ್ತಿಗೆ ಕಾದ ಹಾಗೆ” ಅಂದಳು ಊರ್ಮಿಳಾ.

“ಎಲ್ಲ ಐದನೇ ಸಲದವರು” ಅಂದೆ. ಯಾರಿಗೂ ಅರ್ಥವಾಗಲಿಲ್ಲ. ಹಂಸಾಗೆ ಆಯಿತು. ನಕ್ಕಳು. ಫೆಬ್ರವರಿಯಿಂದ ಮೊದಲ ಸಲ.

ಲಕ್ಷ್ಮೀಶ ನೀಲಿ ಜಾಕೆಟ್ ಹಾಕಿ ಸಾಲಿನಲ್ಲಿ ನಿಂತ. ಹಂಸಾ ಅವನ ಹಿಂದೆ. ನಾನು ಹಗ್ಗದ ಈಚೆ, ಅವಳ ಬ್ಯಾಗ್ ಹಿಡಿದುಕೊಂಡು. ಹಿಂದಿನಿಂದ ನೋಡಿದರೆ ಅದೇ ಭುಜ, ಅದೇ ಒಂದು ಕಾಲಿನ ಮೇಲೆ ಭಾರ ಹಾಕಿ ನಿಲ್ಲುವ ರೀತಿ. ಖುಷಿಯಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು. ಇನ್ನೂ ಸ್ವಲ್ಪ ಹೊತ್ತು ಆ ಸಾಲು ಮುಂದೆ ಹೋಗದಿರಲಿ ಅನ್ನಿಸಿತು.

ಗೇಟಿನಲ್ಲಿ ಒಬ್ಬಳು ಹೆಂಗಸು ಒಂದೊಂದೇ ಕಾರ್ಡು ಹಿಡಿದು ಮುಖ ನೋಡುತ್ತಿದ್ದಳು. ಪಾಸುಗಳು ಕೈ ಬದಲಾಗುತ್ತಿವೆಯಂತೆ. ಲಕ್ಷ್ಮೀಶನಿಗೆ ಟೋಪಿ, ಕನ್ನಡಕ ತೆಗೆಯಲು ಹೇಳಿದಳು. ತೆಗೆದ. ಕಾರ್ಡು ನೋಡಿದಳು, ಅವನನ್ನು ನೋಡಿದಳು. ಅನುಮಾನ ಹೋಗಲಿಲ್ಲ. ಹಂಸಾ ಕಡೆ ತಿರುಗಿ ಕೇಳಿದಳು, ಇವರು ನಿಮ್ಮ ಅಪ್ಪನಾ?

ಹಂಸಾ ಬಾಯಿ ತೆರೆದಳು.

“ಮೈ ಹಸ್ಬೆಂಡ್” ಅಂದೆ ನಾನು. ಹಗ್ಗದ ಈಚೆಯಿಂದ, ಜೋರಾಗಿ. ಹೆಂಗಸು ನನ್ನನ್ನು ನೋಡಿದಳು. ಹೆಸರೇನು ಅಂದಳು.

ಹೇಳಿದೆ. ಪೂರ್ತಿ ಹೆಸರು. ಉರುಟಣೆಯ ದಿನ ಬಿಟ್ಟರೆ ಅವರು ಇದ್ದಷ್ಟು ದಿನ ಅವರೆದುರಿಗೆ ಹೇಳದ ಹೆಸರನ್ನು ಮೈದುನನಿಗೆ ಬೆರಳು ತೋರಿಸಿ ಹೇಳಿದೆ.

ಸಾರಿ, ಹ್ಯಾವ್ ಎ ಗುಡ್ ಡೇ ಅಂದಳು. ಬಿಟ್ಟಳು.

ಮಗಳ ಬಾಯಲ್ಲಿ ಸುಳ್ಳು ಬರಬಾರದು ಅಂತ ನಾನು ಹೇಳಿದೆ — ದಿನವಿಡೀ ಕಾರ್ ಪಾರ್ಕಿನಲ್ಲಿ ಕೂತು ಹೀಗೆ ಅಂದುಕೊಂಡೆ. ಅದಲ್ಲ. ಅವಳು ನಿಜ ಹೇಳಿಬಿಡುತ್ತಾಳೆ ಅಂತ ಹೆದರಿ ಹೇಳಿದೆ.

ಹಂಸಾ ಒಂದೇ ಸಲ ಮೇಲೆ ಹೋಗಿ ಇಳಿದು ಬಂದಳು. ಕಾಲು ನೋವು ಅಂದಳು. ಕಾರಿನಲ್ಲಿ ಕಿಟಕಿ ಕಡೆ ಮುಖ.

ಲಕ್ಷ್ಮೀಶ ಸಂಜೆಯವರೆಗೆ ಆಡಿದ. “ಅತ್ತಿಗೆ, ನೀವಿಲ್ದಿದ್ರೆ ಇವತ್ತು ಸಿಕ್ಕಿಬೀಳ್ತಿದ್ದೆ! ಭಲೇ ಧೈರ್ಯ!” ಊರ್ಮಿಳಾ ಅವನ ತೋಳು ಚಿವುಟಿದಳು.

ಜುಲೈ 9. ವೆಸ್ಟ್‌ಮೀಡ್

ವಾಪಸ್. ಕಾರ್ಡು, ಜಾಕೆಟ್ ಎರಡೂ ಲಕ್ಷ್ಮೀಶನ ಹತ್ತಿರ. “ಸೀಸನ್ ಮುಗಿಯೋವರೆಗೆ ಇಟ್ಕೊಳ್ಲಾ?” ಅಂದ. ತಲೆಯಾಡಿಸಿದೆ. ಹಂಸಾ ಎದುರಿಗೇ ಇದ್ದಳು.

ಫ್ರಿಜ್ ಮೇಲೆ ಖಾಲಿ. ಒರೆಸಿದೆ.

ಆಗಸ್ಟ್ 6

ಮಾಸಿಕ. ಲಕ್ಷ್ಮೀಶ ಬಿಸಿಲಿಗೆ ಕಪ್ಪಾಗಿದ್ದಾನೆ. ಕನ್ನಡಕದ ಜಾಗ ಮಾತ್ರ ಬೆಳ್ಳಗೆ. ಪುರೋಹಿತರು ಗೋಪೀನಾಥ ಭಟ್ಟರು ಕಾರಣ ಕೇಳಿದರು. ಗಾರ್ಡನಿಂಗ್ ಅಂದ.

ಭಟ್ಟರು ಹೋದ ಮೇಲೆ ಲಕ್ಷ್ಮೀಶನನ್ನು ಕಾರ್ಡು ಕೇಳಿದೆ. ನೋಡಬೇಕು ಅನ್ನಿಸಿತ್ತು. ತಂದಿಲ್ಲ.

“ಮೂರೂ ಬೆಟ್ಟ ಆಯ್ತು ಅತ್ತಿಗೆ. ಎಲ್ಲಿ ಮಂಜು ಬಿದ್ರೆ ಅಲ್ಲಿ ಜಾತ್ರೆ. ಒಂದು ಸಲ ಇಳಿಯೋಕೆ ಮುಕ್ಕಾಲು ಗಂಟೆ ಕ್ಯೂ. ಬೇಜಾರಾಗೋಯ್ತು. ಈ ತಿಂಗಳು ಚಕ್ರಪಾಣಿಗೆ ಕೊಟ್ಟಿದೀನಿ, ನಮ್ಮ ಆಫೀಸಿನವನು.”

“ಅವರೂ ನಿಮ್ಮಣ್ಣನ ಹಾಗಿದ್ದಾರಾ?”

“ಟೋಪಿ ಹಾಕಿದ್ರೆ ಇವರ ಕಣ್ಣಿಗೆ ನಾವೆಲ್ಲ ಒಂದೇ ಥರ, ಬಿಡಿ.”

ಬೈಯಬೇಕಿತ್ತು. ಮೊದಲು ಒಂದೇ ಥರ ಮಾಡಿದವಳು ನಾನು.

ಆಗಸ್ಟ್ 27

ಶಿಫ್ಟ್ ಮುಗಿಸಿ ಬಂದೆ. ಹಂಸಾ ಫೋನಿನ ಪಕ್ಕ ನೆಲದ ಮೇಲೆ ಕೂತಿದ್ದಳು. ಯೂನಿಫಾರ್ಮ್ ಬದಲಿಸಿರಲಿಲ್ಲ.

ಕಂಪನಿಯಿಂದ ಫೋನ್ ಬಂದಿತ್ತಂತೆ. ಶನಿವಾರ ಯಾರೋ ಪಾಸಿನ ಸಮೇತ ಸಿಕ್ಕಿಬಿದ್ದ. ಅಪ್ಪನನ್ನು ಕೇಳಿದರಂತೆ.

“ದೆ ವಾಂಟೆಡ್ ಡ್ಯಾಡ್. ಹೀ ಲೆಂಟ್ ಹಿಸ್ ಪಾಸ್, ಹೀ ಚೀಟೆಡ್, ಹೀಸ್ ಬ್ಯಾನ್ಡ್. ಮೂರು ಬೆಟ್ಟಕ್ಕೂ.” ಮೂರು ಬೆಟ್ಟಕ್ಕೂ ಅನ್ನುವಾಗ ಕನ್ನಡಕ್ಕೆ ಬಂದಳು. “ಡ್ಯಾಡ್, ಅಮ್ಮ. ಅರ್ಧ ದಿನದ ಟಿಕೆಟ್ ಮುಗೀತು ಅಂತ ಇಳಿದು ಬಂದ ಡ್ಯಾಡ್.”

“ನೀನೇನಂದೆ?”

“ನಥಿಂಗ್. ನೀನು ಹೇಳಿದ್ಯಲ್ಲ ಹೀ ಈಸ್ ಯುವರ್ ಹಸ್ಬೆಂಡ್ ಅಂತ. ಐ ಡಿಡ್ನ್ಟ್ ನೋ ವಾಟ್ ಐ ವಾಸ್ ಅಲೌಡ್ ಟು ಸೇ.”

ಅಡುಗೆಮನೆಗೆ ಹೋದೆ. ಕುಕ್ಕರ್ ಇಟ್ಟೆ. ನೀರು ಹಾಕಿರಲಿಲ್ಲ. ವಾಸನೆ ಬಂದ ಮೇಲೆ ಗೊತ್ತಾಯಿತು.

ಆಗಸ್ಟ್ 28

ಲಕ್ಷ್ಮೀಶ ಫೋನ್ ಮಾಡಿದ. ಚಕ್ರಪಾಣಿ ಹೆದರಿ ಓಡಿಬಂದನಂತೆ, ಕಾರ್ಡು ಕಂಪನಿಯವರ ಹತ್ತಿರವೇ ಉಳಿಯಿತಂತೆ.

“ತಲೆ ಕೆಡಿಸ್ಕೋಬೇಡಿ ಅತ್ತಿಗೆ. ಬ್ಯಾನ್ ಮಾಡಿದ್ರೆ ಮಾಡ್ಕೊಳ್ಲಿ. ಅಣ್ಣನೇ ಇಲ್ಲ, ಯಾರನ್ನ ಬ್ಯಾನ್ ಮಾಡ್ತಾರೆ?”

“ಅವರನ್ನ” ಅಂದೆ.

“ಅತ್ತಿಗೆ, ನಾನು...” ಅಂದ. ಅಳುತ್ತಿದ್ದ ಅನ್ನಿಸುತ್ತದೆ. ಮುಂದಿನ ಮಾಸಿಕಕ್ಕೆ ಬರುತ್ತೀಯಲ್ಲ ಅಂದೆ. ಬರುತ್ತೇನೆ ಅಂದ.

ಕಾರ್ಡನ್ನು ಕತ್ತರಿಸಿ ಹಾಕುತ್ತಾರಂತೆ. ಪಾಸ್ ಹಿಡಿದರೆ ಹಾಗೇ ಮಾಡುವುದಂತೆ. ಯಾವತ್ತು ಕತ್ತರಿಸುತ್ತಾರೋ ಗೊತ್ತಿಲ್ಲ. ನಗು ತಡೆದುಕೊಂಡ ಆ ಮುಖ.

ಫೋಟೋ ಹೋದರೆ ಹೋಗಲಿ ಅಂದುಕೊಂಡರೂ ಅವರ ಹೆಸರು? ಮೂರು ಬೆಟ್ಟದ ಗೇಟಿನಲ್ಲೂ ಬರೆದಿಟ್ಟಿರುತ್ತಾರೆ, ಮೋಸಗಾರ ಅಂತ.

ಆಗಸ್ಟ್ 29

ಹಂಸಾ ಸ್ಕೂಲಿನಿಂದ ಬರುವುದನ್ನೇ ಕಾದೆ. ಅವಳ ಎದುರಿಗೆ ಹೇಳಿದ ಸುಳ್ಳು, ಅವಳ ಎದುರಿಗೇ ಹೋಗಬೇಕು.

ಫೋನ್ ಎತ್ತಿಕೊಂಡೆ. “ಗಿವ್ ಇಟ್, ನಾನು ಮಾತಾಡ್ತೀನಿ” ಅಂದಳು.

“ಬೇಡ. ನೀನು ಇಲ್ಲೇ ನಿಂತಿರು.”

ಮೇ ತಿಂಗಳಲ್ಲಿ ಮಾತಾಡಿದ ಅದೇ ಹುಡುಗಿ ಇರಬೇಕು. ಅದೇ ಒಳ್ಳೆಯ ದನಿ. ಪಾಸಿನಲ್ಲಿ ಯಾರ ಹೆಸರಿದೆ ಅಂದಳು.

ಹೇಳಿದೆ. ಇಲ್ಲೂ ಬರೆಯುತ್ತೇನೆ. ಭಾಸ್ಕರ.

ಹುಡುಕಿದಳು. ದನಿ ಬಿಗಿಯಾಯಿತು. ಪಾಸ್ ಯಾರದೋ ಅವರ ಜೊತೆ ಮಾತ್ರ ಮಾತಾಡುತ್ತೇವೆ, ಅವರಿಗೆ ಫೋನ್ ಕೊಡಿ ಅಂದಳು. ಆಗುವುದಿಲ್ಲ ಅಂದೆ. ಹಾಗಾದರೆ ಅವರು ಬಂದ ಮೇಲೆ ಮಾಡಿಸಿ ಅಂದಳು. ಹಂಸಾ ನನ್ನ ಸೆರಗಿನ ತುದಿ ಹಿಡಿದುಕೊಂಡಳು, ಚಿಕ್ಕವಳಿದ್ದಾಗ ಹಿಡಿಯುತ್ತಿದ್ದ ಹಾಗೆ.

ನನ್ನ ಇಂಗ್ಲಿಷಿನಲ್ಲಿ ಒಂದೊಂದೇ ಮಾತು ಹೇಳಿದೆ. ಅವರು ಮೋಸ ಮಾಡಿಲ್ಲ. ಮಾಡಿದವಳು ನಾನು. ಜುಲೈನಲ್ಲಿ ನಿಮ್ಮ ಗೇಟಿನಲ್ಲಿ ನಿಂತಿದ್ದವರು ನನ್ನ ಗಂಡ ಅಲ್ಲ. ನನ್ನ ಗಂಡ ಬರುವುದಿಲ್ಲ. ನನ್ನ ಗಂಡ ಭಾಸ್ಕರ ಫೆಬ್ರವರಿಯಲ್ಲೇ ತೀರಿಹೋದರು.