ಈಥರಿನ ಪಾಲು

ವಾಡಿ, ರೈಲ್ವೆ ಕ್ವಾರ್ಟರ್ಸ್
11 ಜನವರಿ 1954, ಸೋಮವಾರ

ಶ್ರೀ ಅಮೃತಪ್ಪನವರಿಗೆ ಶಿವಕಾಂತಮ್ಮ ಮಾಡುವ ಶರಣು ಶರಣಾರ್ಥಿಗಳು.

ಗಂಡನ ಹೆಸರು ಬರೆದಿದ್ದೇನೆಂದು ಅತ್ತೆಗೆ ಗೊತ್ತಾದರೆ ನನ್ನ ಸಂಗಡ ಮಾತು ಬಿಡುತ್ತಾರೆ. ಆದರೆ ಅವರಿಗೆ ಓದಲು ಬರುವುದಿಲ್ಲ, ನೀವೂ ಚಾಡಿ ಹೇಳುವವರಲ್ಲ. ಇಲ್ಲಿ ನಾವಿಬ್ಬರೂ ಆರಾಮ ಇದ್ದೇವೆ. ನಿಮ್ಮ ಕಾಗದ ಎಳ್ಳ ಅಮವಾಸ್ಯೆಗೆ ಮೊದಲೇ ಬಂದು ಮುಟ್ಟಿತ್ತು. ಉತ್ತರ ತಡವಾಯಿತು, ಸಿಟ್ಟು ಮಾಡಬೇಡಿ. ಹಬ್ಬಕ್ಕೆಂದು ಅತ್ತೆ ನನ್ನ ಕೈಲಿ ಬಡಿಸಿದ ಸಜ್ಜೆ ರೊಟ್ಟಿಯ ರಾಶಿ ನೋಡಿದ್ದರೆ ನೀವು ಹೌಹಾರುತ್ತಿದ್ದಿರಿ. ಹೊಲ ಇಲ್ಲದ ನಾವು ಭೂತಾಯಿಗೆ ಚರಗ ಎಲ್ಲಿ ಚೆಲ್ಲುವುದು ಎಂದು ಕೇಳಿದರೆ, ಗಾರ್ಡ್ ಮಾಣಿಕಪ್ಪನ ಹೊಲ ಇಲ್ಲವೇ ಎಂದರು. ಅವರ ಬಂಡಿಯಲ್ಲೇ ಹೋಗಿ, ಉಂಡು, ಬಿಸಿಲು ಕಾಸಿಕೊಂಡು ಬಂದೆವು. ತಡಕ್ಕೆ ಇದು ಅರ್ಧ ಕಾರಣ. ಉಳಿದರ್ಧ ಬರೆಯಬೇಕೆಂದು ಶನಿವಾರದಿಂದ ಕೂಡುತ್ತಿದ್ದೇನೆ, ಏಳುತ್ತಿದ್ದೇನೆ.

ಇಪ್ಪತ್ತಾರನೇ ತಾರೀಖು ಸಿಕಂದರಾಬಾದಿನ ಮೈದಾನದಲ್ಲಿ ದೊಡ್ಡ ಸಾಹೇಬರ ಮುಂದೆ ನೀವು ಕೈಯಾರೆ ಮಾಡಿದ ಪುಟ್ಟ ವಿಮಾನ ಹಾರುತ್ತದೆ ಎಂದು ಓದಿ ನನಗೆ ಕುಣಿಯುವಷ್ಟು ಸಂತೋಷವಾಯಿತು. ಇದನ್ನು ಮಾಡಿದ ಕೈ ಮತ್ತೆ ಲೋಕೋ ಶೆಡ್ಡಿನ ಬೂದಿಯಲ್ಲಿ ಇರಬಾರದು, ಸರಿಯಾಗಿ ಹಾರಿದರೆ ಚಾರ್ಜ್‌ಮನ್ ಜಾಗಕ್ಕೆ ಹೆಸರು ಬರೆಯುತ್ತೇನೆ ಎಂದು ಅವರು ಹೇಳಿದರಂತಲ್ಲ, ಆ ಸಾಲನ್ನು ಅತ್ತೆಗೆ ಎರಡು ಸಲ ಓದಿ ಹೇಳಿದೆ. ಇನ್ನೊಂದು ಸಂತೋಷ ನನ್ನೊಳಗೇ ಇಟ್ಟುಕೊಂಡಿದ್ದೆ. ಆಗಸ್ಟ್ ಹದಿನೈದಕ್ಕೆ ಸ್ಟೇಷನ್ ಮುಂದೆ ಝಂಡಾ ಏರಿಸಿದ ಮೇಲೆ ಹಾರಿಸಿದ್ದೇ ಕೊನೆ, ಆಮೇಲೆ ನೀವು ಅದನ್ನು ನನ್ನ ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟುಬಿಟ್ಟಿರಿ. ನಮ್ಮ ಕೂಸು ಹೋದ ದುಃಖಕ್ಕೆ ಹಾಗೆ ಮಾಡಿದಿರೆಂದು ನಾನೂ ಏನೂ ಕೇಳಲಿಲ್ಲ. ಈಗ ನೀವೇ ಅದನ್ನು ಇಳಿಸಿಕೊಂಡು ಹೋದಿರಿ ಎಂದರೆ ನಿಮ್ಮ ಮನಸ್ಸು ಸ್ವಲ್ಪ ಹಗುರಾಗಿದೆ ಎಂದುಕೊಂಡೆ.

ಅಲ್ಲಿ ಔಷಧದ ಅಂಗಡಿಯವರು ಡಾಕ್ಟರ ಚೀಟಿ ಇಲ್ಲದೆ ಈಥರ್ ಕೊಡುವುದಿಲ್ಲ, ನೀನೇ ಎಣ್ಣೆ ಕೂಡಿಸಿ ಮಾಣಿಕಪ್ಪನ ಕೈಲಿ ಕಳಿಸು ಎಂದು ಬರೆದಿರಿ. ಶೆಡ್ಡಿನಲ್ಲಿ ಅಷ್ಟು ಮಂದಿ ಗೆಳೆಯರಿದ್ದರೂ ನನಗೇ ಹೇಳಿದಿರಲ್ಲ, ಅದಕ್ಕೆ ನಾನು ಬೀಗಿದೆ. ಹೆಬ್ಬೆರಳು ಗಾತ್ರದ ಆ ಇಂಜಿನ್ನಿಗೆ ಮೂರೇ ವಸ್ತು, ಮೂರೂ ಸಮಪಾಲು ಎಂದು ನನಗೇನು ಮತ್ತೆ ಹೇಳಿಕೊಡಬೇಕಿರಲಿಲ್ಲ. ಔಡಲೆಣ್ಣೆ ಒಂದು ಪಾಲು, ಕಂದೀಲಿಗೆ ಹಾಕುವ ಗ್ಯಾಸಿನೆಣ್ಣೆ ಒಂದು ಪಾಲು, ಈಥರ್ ಒಂದು ಪಾಲು. ಎರಡು ಎಣ್ಣೆ ತಾವಾಗಿ ಕೂಡುವುದಿಲ್ಲ, ಈಥರ್ ಬಿದ್ದ ಮೇಲೇ ಒಂದಾಗುತ್ತವೆ. ಅದನ್ನು ಒಲೆಯ ಹತ್ತಿರ ತರಬಾರದು, ಹಿತ್ತಲಕಟ್ಟೆಯ ಮೇಲೆ ಗಾಳಿಯಲ್ಲಿ ಕೂಡಿಸಬೇಕು.

ಔಡಲೆಣ್ಣೆಯ ಕಥೆ ನಿಮಗೆ ನೆನಪಿರಬೇಕು. ಶಹಾಬಾದದ ಇಂಗ್ಲಿಷ್ ಫೋರಮನ್ ತನ್ನ ದೇಶಕ್ಕೆ ಹೋಗುವಾಗ ನಿಮಗೆ ಆ ಇಂಜಿನ್ ಕೊಟ್ಟುಹೋದ. ಮನೆಯ ಎಣ್ಣೆ ಹಾಕಿದರೆ ಅದು ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. ನೀವು ಇಂಜಿನ್ನಿನ ನೆತ್ತಿಯ ತಿರುಪು ತಿರುವಿ ತಿರುವಿ, ಹಾಳಾದ್ದನ್ನೇ ಕೊಟ್ಟುಹೋಗಿದ್ದಾನೆ ಎಂದು ಪಾಪ ಆ ಸಾಹೇಬನನ್ನು ಬೈಯುತ್ತಿದ್ದಿರಿ. ತಪ್ಪು ನಮ್ಮ ಗಡಿಗೆಯದು. ಅತ್ತೆ ಔಡಲದ ಹರಳು ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ಬಳಿದು ಎಣ್ಣೆ ತೆಗೆಯುತ್ತಾರೆ. ಆ ಎಣ್ಣೆಯಲ್ಲಿ ನೀರು ಉಳಿದಿರುತ್ತದೆ. ದೀಪಕ್ಕೆ ಹಾಕಿದಾಗ ಚಟಪಟ ಅನ್ನುವುದನ್ನು ಕೇಳಿ, ಇದನ್ನು ಮತ್ತೊಮ್ಮೆ ಕಾಯಿಸಿ ನೋಡೋಣ ಎಂದವಳು ನಾನು, ಓಣಿಗೆಲ್ಲ ಅದು ನಿಮ್ಮದೇ ಯುಕ್ತಿ ಎಂದು ಹೇಳಿಕೊಂಡು ತಿರುಗಿದವರು ನೀವು.

ಈ ಸಲ ಹೊಸ ಎಣ್ಣೆ ತೆಗೆಯಲಿಲ್ಲ. ಬಾಣಂತನಕ್ಕೆಂದು, ಕೂಸಿಗೆ ಹಚ್ಚಿ ಎರೆಯಲಿಕ್ಕೆಂದು ಅತ್ತೆ ಆಷಾಢದಲ್ಲಿ ತೆಗೆದಿಟ್ಟಿದ್ದ ಎಣ್ಣೆ ಹಾಗೇ ಇತ್ತು. ಶ್ರಾವಣದಿಂದ ಆ ಗಡಿಗೆಯನ್ನು ಯಾರೂ ಮುಟ್ಟಿರಲಿಲ್ಲ. ನಾನು ಅದನ್ನು ಇಳಿಸಿದಾಗ ಅತ್ತೆ ಬಂದು ಗಡಿಗೆಯ ಮೇಲೆ ಕೈ ಇಟ್ಟರು. "ಕೂಸಿನ ನೆತ್ತಿಗಿ ತಗದಿಟ್ಟ ಎಣ್ಣಿ ಅದು. ಒಯ್ದು ಗಾಳ್ಯಾಗ ಸುಡ್ತೀರೇನ?" ಎಂದರು. ಇಟ್ಟರೆ ಕಮಟು ಹಿಡಿಯುತ್ತದೆ, ನಿಮ್ಮ ಮಗನಿಗೆ ಒಳ್ಳೆಯದಾಗಲಿ ಎಂದೆ. ಕಬ್ಬಿಣದ ಬಾಣಲೆಯಲ್ಲಿ ಚಟಪಟ ನಿಲ್ಲುವವರೆಗೆ ಕಾಯಿಸಿ ಸೋಸಿದೆ. ಸೋಸುವಾಗ ನನಗೆ ಸ್ವಲ್ಪ ಅಳುವೂ ಬಂತು, ಸುಳ್ಳೇಕೆ.

ಇನ್ನು ಈಥರ್. ನಿಮ್ಮ ಗೆಳೆಯ ಗುಲಾಮ ದಸ್ತಗೀರ ಶಹಾಬಾದದ ಸೇಠರ ಧರ್ಮದವಾಖಾನೆಯಲ್ಲಿ ಕಂಪೌಂಡರ್ ಆಗಿರುವವರೆಗೆ ನಮಗೆ ಅದರ ಚಿಂತೆ ಇಲ್ಲ ಎಂದು ನೀವು ಯಾವಾಗಲೂ ಹೇಳುತ್ತಿದ್ದಿರಿ. ಕೊಯ್ಯುವ ಮುಂದೆ ಮೂಗಿಗೆ ಹಿಡಿಯುವ ಔಷಧಿ ಅದು. ಒಮ್ಮೆ ಡಬ್ಬಿ ಒಡೆದರೆ ಮರುದಿನಕ್ಕೆ ಮನುಷ್ಯರಿಗೆ ಬಳಸುವಂತಿಲ್ಲ, ಉಳಿದದ್ದನ್ನು ಚೆಲ್ಲಿಬಿಡುತ್ತಾರೆ, ಆ ಚೆಲ್ಲುವುದನ್ನು ನಮ್ಮ ಬಾಟ್ಲಿಗೆ ಹಾಕಿಕೊಡುತ್ತಾನೆ, ಯಾರ ಗಂಟೂ ಹೋಗುವುದಿಲ್ಲ. ನಾನೂ ಹಾಗೇ ನಂಬಿದ್ದೆ. ನಿಮ್ಮ ಹಳೆಯ ಬಾಟ್ಲಿಯ ಕತ್ತಿಗೆ ನೀಲಿ ದಾರ ಕಟ್ಟಿ ಗುರುವಾರ ಮಾಣಿಕಪ್ಪನ ಕೈಲಿ ಕಳಿಸಿದೆ. ತುಂಬಿದ್ದನ್ನು ತರಲು ಶನಿವಾರ ಪ್ಯಾಸೆಂಜರಿಗೆ ನಾನೇ ಶಹಾಬಾದಕ್ಕೆ ಹೋದೆ.

ದವಾಖಾನೆಯ ಪಡಸಾಲೆಯಲ್ಲಿ ಕಲ್ಲಿನ ಗಣಿಯ ಮಂದಿ ತುಂಬಿದ್ದರು. ನಮ್ಮ ಓಣಿಗೆ ಹಾಸುಗಲ್ಲು ಹಾಕಲು ಬರುತ್ತಿದ್ದಳಲ್ಲ ಭೀಮಬಾಯಿ, ನಿಮ್ಮ ವಿಮಾನ ನೋಡಿ ಇದಕ್ಕೆ ಕಾಳು ಹಾಕುತ್ತೀರೇನು ಎಂದು ಕೇಳಿ ನಗಿಸಿದ್ದಳಲ್ಲ, ಅವಳ ಬಲಗೈ ಮೇಲೆ ಹಾಸುಗಲ್ಲು ಬಿದ್ದಿತ್ತು. ಎರಡು ಬೆರಳು ತೆಗೆಯದೆ ಉಪಾಯವಿಲ್ಲ ಎಂದಿದ್ದರಂತೆ. ಬಾಗಿಲು ಅರ್ಧ ತೆರೆದಿತ್ತು. ನಾಲ್ಕು ಮಂದಿ ಅವಳ ಕೈಕಾಲು ಒತ್ತಿ ಹಿಡಿದಿದ್ದರು, ಬಾಯಲ್ಲಿ ರುಮಾಲು ತುರುಕಿದ್ದರು. ಅವಳಿಗೆ ಎಚ್ಚರ ಇತ್ತು. ಕಣ್ಣು ತೆರೆದಿದ್ದವು. ಒಮ್ಮೆ ರುಮಾಲು ಉಗುಳಿ, "ಜಲ್ದಿ ಮಾಡ್ರಿ ಡಾಕ್ಟರ್ ಸಾಬ, ನಾ ಒದರಂಗಿಲ್ಲ" ಎಂದಳು. ಮತ್ತೆ ತಾನೇ ಬಾಯಿ ತೆರೆದು ರುಮಾಲು ತುರುಕಿಸಿಕೊಂಡಳು.

ಶ್ರಾವಣದಲ್ಲಿ ಹೆರಿಗೆಗೆ ನನ್ನನ್ನು ಮಲಗಿಸಿದ್ದೂ ಅದೇ ಮೇಜು. ನನಗಾದರೂ ಮೂಗಿಗೆ ಔಷಧಿ ಹಿಡಿದಿದ್ದರು, ಇವಳಿಗೆ ಯಾಕೆ ಹಿಡಿಯಲಿಲ್ಲ ಎಂದು ದಸ್ತಗೀರ ಅಣ್ಣನನ್ನು ಕೇಳಿದೆ. ಅವನು ಕಪಾಟಿನ ಕಡೆ ನೋಡಿದ. ನೀಲಿ ದಾರದ ನಮ್ಮ ಬಾಟ್ಲಿ ಕತ್ತಿನವರೆಗೆ ತುಂಬಿ ಅಲ್ಲಿ ನಿಂತಿತ್ತು.

"ಡಬ್ಬಿ ಮುಗದದರಿ ಅಕ್ಕಾ. ನಿನ್ನೆ ಒಡದೆ," ಎಂದ.

ಯಾತಕ್ಕೆ ಒಡೆದೆ ಎಂದು ಕೇಳಿದೆ. ಒಂದು ಹುಡುಗಿಯ ತೊಡೆಗೆ ಕುರು ಆಗಿತ್ತಂತೆ. ಸೂಜಿ ಮುಟ್ಟಿಸಿದರೆ ಒಡೆಯುವಂಥ ಕುರು. ಅದಕ್ಕೆ ಔಷಧಿ ಬೇಕಿರಲಿಲ್ಲ. ಆದರೆ ಡಬ್ಬಿ ಒಡೆಯದಿದ್ದರೆ ಉಳಿಯುವುದೇನು, ಉಳಿಯದಿದ್ದರೆ ಅಮೃತಪ್ಪನಿಗೆ ಕೊಡುವುದೇನು? ನಿಮ್ಮ ಕಾಗದವೂ ಅವನಿಗೆ ಬಂದಿತ್ತು, ನನ್ನ ಬಾಟ್ಲಿಯೂ ಬಂದಿತ್ತು. ಹೈದರಾಬಾದಿನಿಂದ ಹೊಸ ಪಾರ್ಸಲ್ ಬರುತ್ತದೆ, ನಡುವೆ ಒಂದು ದಿನದಲ್ಲಿ ಏನಾಗುತ್ತದೆ ಎಂದುಕೊಂಡ. ನಮಗೆ ಬರುತ್ತಿದ್ದದ್ದು ಉಳಿದದ್ದಲ್ಲ, ನಮಗಾಗಿ ಉಳಿಸುತ್ತಿದ್ದದ್ದು.

ನಾನು ಬಾಟ್ಲಿ ಕಿತ್ತುಕೊಂಡು ಒಳಗೆ ನುಗ್ಗಿದೆ. ಡಾಕ್ಟರು ಬೂಚು ತೆಗೆದು ಮೂಸಿದರು, ಬೆಳಕಿಗೆ ಹಿಡಿದು ನೋಡಿದರು. ಗಾಜಿಗೆ ನಮ್ಮ ಎಣ್ಣೆ ಹತ್ತಿತ್ತು, ಗ್ಯಾಸಿನೆಣ್ಣೆಯ ವಾಸನೆ ಹೊಡೆಯುತ್ತಿತ್ತು. ಇದನ್ನು ಮನುಷ್ಯರ ಮೂಗಿಗೆ ಹಿಡಿದರೆ ಸಾಯುತ್ತಾರೆ ಎಂದು ತಿರುಗಿ ನನ್ನ ಕೈಗೇ ಕೊಟ್ಟರು. ಬೈಯಲಿಲ್ಲ. ಬೆಳಕಿಗೆ ಅಡ್ಡ ನಿಂತಿದ್ದೀಯಮ್ಮಾ, ಆಚೆ ಸರಿ ಎಂದರು, ಅಷ್ಟೇ. ಭೀಮಬಾಯಿ ನನ್ನ ಕೈಯಲ್ಲಿದ್ದ ಬಾಟ್ಲಿ ನೋಡಿದಳು. ಅದು ಏನೆಂದು ಅವಳಿಗೆ ತಿಳಿಯಲಿಲ್ಲ ಎಂದು ನಾನು ಶಿವನಿಗೆ ಕೈಮುಗಿಯುತ್ತೇನೆ.

ಹೊರಗೆ ಬಾವಿಕಟ್ಟೆಯ ಹಿಂದೆ ಅದನ್ನು ಸುರಿದುಬಿಟ್ಟೆ. ನೆಲ ಹಸಿಯಾದದ್ದು ಕಾಣುವಷ್ಟರಲ್ಲಿ ಒಣಗಿಹೋಯಿತು. ದಸ್ತಗೀರ ಅಣ್ಣ ಅಲ್ಲಿಗೇ ಬಂದು ಗೋಡೆಗೆ ಹಣೆ ಇಟ್ಟು ಅಳುತ್ತಿದ್ದ. ರೈಲಿನಲ್ಲಿ ಹೇಗೆ ಕೂತೆ, ವಾಡಿಯಲ್ಲಿ ಹೇಗೆ ಇಳಿದೆ ನೆನಪಿಲ್ಲ. ಶನಿವಾರದಿಂದ ಹಿಟ್ಟು ನಾದಲು ಕೂತರೆ ನನ್ನ ಬೆರಳನ್ನೇ ನೋಡುತ್ತ ಕೂತುಬಿಡುತ್ತೇನೆ. ಅತ್ತೆ, ಗಾಳಿ ಸೋಕಿದೆ ಎಂದು ನಿವಾಳಿಸಿದರು.

ಆದ್ದರಿಂದ ಈಥರ್ ಕಳಿಸುತ್ತಿಲ್ಲ. ತೊಳೆದ ಬಾಟ್ಲಿಯಲ್ಲಿ ಎರಡೇ ಪಾಲು ಇವೆ. ನಾಳೆ ಮಾಣಿಕಪ್ಪ ತರುತ್ತಾರೆ. ಮೂರನೆಯದನ್ನು ನಿಮ್ಮ ಸಾಹೇಬರಿಗೆ ಹೇಳಿ, ಚೀಟಿ ಬರೆಸಿ, ಅಂಗಡಿಯಲ್ಲಿ ಕೊಂಡು ಹಾಕಿಕೊಳ್ಳಿ. ಸಿಗದಿದ್ದರೆ ವಿಮಾನ ಹಾರುವುದು ಬೇಡ, ಚಾರ್ಜ್‌ಮನ್ ಜಾಗವೂ ಬೇಡ, ಬೂದಿ ಮೆತ್ತಿದ ನಿಮ್ಮ ಅಂಗಿ ಒಗೆಯಲು ನನಗೆ ಬೇಸರವಿಲ್ಲ. ಇನ್ನು ಮುಂದೆ ಯಾವ ದವಾಖಾನೆಯ ಒಂದು ಹನಿಯೂ ನಮ್ಮ ಮನೆಗೆ ಬರಬಾರದು. ಈ ಮಾತು ಕೊಡಿ.

ಚಳಿ ಬಹಳ ಇದೆ, ಕಿವಿ ಕಟ್ಟಿಕೊಳ್ಳಿ. ಅತ್ತೆ ಸೂಗಮ್ಮನವರು ಮಗನಿಗೆ ಆಶೀರ್ವಾದ ಹೇಳಿದ್ದಾರೆ. ಬಸವಣ್ಣ ನಿಮ್ಮ ಬೆನ್ನಿಗಿರಲಿ, ಎಲ್ಲಿದ್ದರೂ ಮೈಯಲ್ಲಿ ಸುಖವಾಗಿರಿ.

ನಿಮ್ಮ ದಾರಿ ನೋಡುವ,
ಶಿವಕಾಂತಮ್ಮ

ತಾ.ಕ.: ಸಹಿ ಮಾಡಿ, ಮಡಿಚಿ, ಅಂಟು ಕೂಡ ಹಚ್ಚಿದ್ದೆ. ಮತ್ತೆ ಬಿಚ್ಚಿದ್ದೇನೆ. ಬಾವಿಕಟ್ಟೆಯಲ್ಲಿ ದಸ್ತಗೀರ ಅಣ್ಣ ಇನ್ನೊಂದು ಮಾತು ಹೇಳಿದ. ನನಗೆ ಮೊದಲೇ ಗೊತ್ತಿದೆ ಎಂದು ತಿಳಿದೇ ಹೇಳಿದ. "ಶ್ರಾವಣದಾಗ ನಿಮ್ ಹೊತ್ತಿಗಿ ಹಿಂಗಾದ ಮ್ಯಾಲೂ ನನಗ ಬುದ್ಧಿ ಬರಲಿಲ್ಲ ನೋಡ್ರಿ ಅಕ್ಕಾ. ಝಂಡಾದ ದಿನಕ್ಕಂತ ಒಂದು ಡಬ್ಬಿ ಒಡದು ಅಮೃತಪ್ಪಗ ಕೊಟ್ಟಿದ್ದೆ. ಅದಿದ್ರ ನಿಮಗ ನಡುವ ಎಚ್ಚರ ಆಗತಿರಲಿಲ್ಲ. ಆವತ್ತೇ ಅವನ ಕಾಲು ಹಿಡದು ಹೇಳೀನಿ. ಆಕಿಗಿ ಹೇಳಬ್ಯಾಡ ಅಂದ."

ಹೆರಿಗೆಯ ಆ ದಿನ ಮುಖದ ಮೇಲೆ ಬಟ್ಟೆ ಇಟ್ಟಾಗ ನಿಮ್ಮ ಅಂಗಿಯ ವಾಸನೆ ಬಂತು. ನೀವೇ ಬಂದು ಪಕ್ಕದಲ್ಲಿ ನಿಂತಿದ್ದೀರಿ ಎಂದು ನನಗೆ ಧೈರ್ಯ ಬಂತು. ನಡುವೆ ವಾಸನೆ ನಿಂತುಹೋಯಿತು, ನನಗೆ ಎಚ್ಚರವಾಯಿತು, ಡಾಕ್ಟರು ಕೈ ತೆಗೆದು ನಿಂತರು. ಕಲಬುರ್ಗಿಯಿಂದ ರೈಲಿನಲ್ಲಿ ಇನ್ನೊಂದು ಡಬ್ಬಿ ಬರುವಷ್ಟರಲ್ಲಿ ಕೂಸು ಹೋಗಿತ್ತು. ಮಳೆಗೆ ಪಾರ್ಸಲ್ ನಿಂತಿತು, ಶಿವನ ಇಚ್ಛೆ ಎಂದು ನೀವು ಹೇಳಿದಿರಿ, ನಾನು ನಂಬಿದೆ. ಇಷ್ಟು ತಿಂಗಳು ಮಳೆಯನ್ನು ಶಪಿಸಿದ್ದೇನೆ. ನಿಮಗೆ ಗೊತ್ತಿತ್ತು. ಗೊತ್ತಿದ್ದೂ, ಅದೇ ದವಾಖಾನೆಗೆ, ಅದನ್ನೇ ತರಲು, ನನ್ನನ್ನೇ ಕಳಿಸಿದಿರಿ.

ನಾಳೆ ಸೇಡಮಿಗೆ ನಮ್ಮ ಅಕ್ಕ ಭಾಗಕ್ಕನ ಮನೆಗೆ ಹೋಗುತ್ತೇನೆ. ಯಾವಾಗ ಬರುತ್ತೇನೋ ಹೇಳಲಾರೆ.

ಝಂಡಾದ ದಿನ ವಿಮಾನ ಸದ್ದು ಮಾಡುತ್ತ ಸುತ್ತು ಹಾಕುವಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ನಾನು. ಆ ಸದ್ದಿಗೆ ಹೊಟ್ಟೆಯಲ್ಲಿ ಅವಳು ಒದ್ದಳು. ನಿಮ್ಮನ್ನು ಕರೆದು ಹೇಳಿದೆ. ಯಾರೂ ನೋಡದಂತೆ ಸೆರಗಿನ ಮರೆಯಲ್ಲಿ ನೀವು ಹೊಟ್ಟೆಯ ಮೇಲೆ ಕೈ ಇಟ್ಟು ನೋಡಿದಿರಿ. ನಿಮ್ಮ ಕೈಗೆ ಆಗ ಈಥರಿನ ವಾಸನೆ ಇತ್ತು.