ಮಾದಲಿ ಡಬ್ಬಿಯ ಮೇಲಿನ ಹೆಸರು

ವಾಸ್ಕೋ
೧೪ ಜುಲೈ ೨೦೦೭

ಪ್ರೀತಿಯ ಅಜ್ಜಿ,

ಮೊಣಕಾಲು ನೋವು ಹೇಗಿದೆ? ಹೊಸ ಕನ್ನಡಕ ಬಂತೆಂದು ಅಪ್ಪ ಹೇಳಿದ. ಹಾಗಾದರೆ ಈ ಪತ್ರವನ್ನು ಲಾಲಪ್ಪ ಕಾಕಾನ ಕೈಗೆ ಕೊಡಬೇಡ, ನೀನೇ ಓದು. ಅವನು ಓಣಿಗೆಲ್ಲ ಕೇಳುವಂತೆ ಓದುತ್ತಾನೆ.

ನೇತ್ರಾಳ ಸುದ್ದಿಗೆ ಕಾಯುತ್ತಿರುತ್ತೀಯ, ಗೊತ್ತು. ನನ್ನ ಸುದ್ದಿಗೆ ಯಾರೂ ಕಾಯುವುದಿಲ್ಲ, ಬಿ.ಎ. ಮುಗಿಸಿ ಅಪ್ಪನ ಬಟ್ಟೆ ಅಂಗಡಿಯಲ್ಲಿ ಕೂತು ಗಿರಾಕಿಗಳ ಮುಖ ನೋಡುತ್ತಿದ್ದೇನೆ, ಅಷ್ಟೆ. ತಂಗಿ ತಿಂದದ್ದು ಮೈಗೆ ಹತ್ತದೆ ಕಡ್ಡಿಯಾಗಿದ್ದಳಲ್ಲ, ಹೋದ ತಿಂಗಳು ಪಣಜಿ ಕಡೆಯ ಆಸ್ಪತ್ರೆಯಲ್ಲಿ ಅವಳ ಸಣ್ಣ ಕರುಳಿನ ಎಕ್ಸ್‌ರೇ ತೆಗೆದರು. ಖಾಲಿ ಹೊಟ್ಟೆಗೆ ಬೇರಿಯಮ್ ಎಂಬ ಬಿಳಿ ದ್ರವ ಕುಡಿಸಿ, ಅದು ಕರುಳಿನಲ್ಲಿ ಇಳಿಯುತ್ತ ಹೋದಂತೆ ಮತ್ತೆ ಮತ್ತೆ ಚಿತ್ರ ಹಿಡಿಯುತ್ತಾರೆ. ನೇತ್ರಾ ಮೂಗು ಮುಚ್ಚಿಕೊಂಡು ಅರ್ಧ ಕುಡಿದು, "ಅಕ್ಕಾ, ಗ್ವಾಡಿ ಸುಣ್ಣ ಕುಡದಂಗ ಆಗಾಕತ್ತೈತಿ. ನೀನೂ ಒಂದ್ ಗುಟುಕು ತಗೋ, ಎಲ್ಲಾದರಾಗೂ ಪಾಲು ಬೇಕಲ್ಲ ನಿನಗ" ಅಂದಳು. ಅವ್ವ ನಕ್ಕಳು. ನನಗೆ ನಗು ಬರಲಿಲ್ಲ.

ಡಾಕ್ಟರು ಆ ಚಿತ್ರಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕರುಳು ಅಲ್ಲಲ್ಲಿ ಹಿಗ್ಗಿತ್ತು. ಬಿಳುಪು ಒಂದೇ ಸಮ ಹರಡದೆ ಒಡೆದ ಹಾಲಿನಂತೆ ಚೂರುಚೂರಾಗಿತ್ತು. ಪಕ್ಕದ ಕೋಣೆಯಿಂದ ಇನ್ನಿಬ್ಬರನ್ನು ಕರೆದು ತೋರಿಸಿದರು. ನಾನು ಬರೆದ ಒಂದು ಪುಟವನ್ನೂ ಯಾರೂ ಅಷ್ಟು ಗಮನವಿಟ್ಟು ಓದಿಲ್ಲ, ಅಜ್ಜಿ.

ಹೊಟ್ಟೆಕಿಚ್ಚು ಎನ್ನುತ್ತೀಯ. ಹೌದು. ನೀನು ಗೋಧಿಗೆ ಬೆಲ್ಲ ಬೆರೆಸಿ ಮಾಡಿ ಕಳಿಸುವ ಮಾದಲಿ ಡಬ್ಬಿಯ ಮೇಲೆ ಪ್ರತಿ ಸಲ ‘ನೇತ್ರಾ’ ಎಂದೇ ಇರುತ್ತದೆ. ಗೋಧಿ ಹುಗ್ಗಿ, ತುಪ್ಪ, ಮೆತ್ತನೆಯ ಚಪಾತಿ, ಎಲ್ಲ ಅವಳ ತಾಟಿಗೆ. ನಾನು ಕೈ ಚಾಚಿದರೆ ಅವ್ವ, "ಆಕಿ ಸೊರಗ್ಯಾಳ, ತಿನ್ಲಿ ಬಿಡವಾ. ನೀ ಜ್ವಾಳದ ರೊಟ್ಟಿ ತಿಂದು ಎಮ್ಮಿ ಹಂಗ ಗಟ್ಟಿ ಅದಿ" ಎನ್ನುತ್ತಾಳೆ.

ಎಕ್ಸ್‌ರೇ ನೋಡಿ ಅನುಮಾನ ಬಂದು ರಕ್ತ ಪರೀಕ್ಷೆ ಮಾಡಿಸಿದರು, ಬಾಯಿಂದ ನಳಿಕೆ ಇಳಿಸಿ ಕರುಳಿನ ಚೂರು ತೆಗೆದೂ ನೋಡಿದರು. ನಿನ್ನೆ ರೋಗ ಖಾತ್ರಿಯಾಯಿತು. ಅವ್ವ ಅಳು ನಿಲ್ಲಿಸಿಲ್ಲ. ನಿನಗೆ ತಿಳಿಸಬೇಡ ಎಂದಿದ್ದಾಳೆ. ಎಲ್ಲರ ನಮಸ್ಕಾರ. ಮಳೆಯಲ್ಲಿ ಅಂಗಳಕ್ಕೆ ಇಳಿಯಬೇಡ.

ನಿನ್ನ ಹಿರಿಯ ಮೊಮ್ಮಗಳು,
ನೀಲಗಂಗಾ

ತಾ.ಕ.: ಅವ್ವ ಬೇಡವೆಂದರೂ ಬರೆಯುತ್ತಿದ್ದೇನೆ. ನೇತ್ರಾಳ ಕರುಳನ್ನು ಕೆಡಿಸಿದ್ದು ಗೋಧಿಯೇ ಅಂತೆ. ಇನ್ನು ಬದುಕಿರುವವರೆಗೂ ಒಂದು ಚೂರೂ ಕೂಡದು. ಅಕ್ಕಿ, ಜೋಳ ನಡೆಯುತ್ತದೆ. ಮುರ್ತುಜಾಸಾಬನ ಲಾರಿಯಲ್ಲಿ ಈ ಸಲ ಮಾದಲಿ ಕಳಿಸಬೇಡ, ಅವಳು ಕದ್ದಾದರೂ ತಿಂದಾಳು. ಜೋಳ ಕಳಿಸು. ಗೋಧಿ ಬೀಸುವ ಗಿರಣಿಗೆ ಹಾಕಿಸಬೇಡ, ಕಾಳನ್ನೇ ಕಳಿಸು, ಇಲ್ಲಿ ನಾನೇ ಬೀಸುತ್ತೇನೆ. ನನ್ನ ರೊಟ್ಟಿಯೂ ಅವಳ ಪಾಲಾಯಿತು, ನೋಡು. ಮಾದಲಿ ಮಾಡಿದ್ದರೆ ಅಲ್ಲೇ ಇರಲಿ, ನಾಗರ ಪಂಚಮಿಗೆ ನಾನೊಬ್ಬಳೇ ಬರುತ್ತೇನೆ. ಡಬ್ಬಿಯ ಮೇಲಿನ ಹೆಸರು ಒರೆಸಿ ನನ್ನದು ಬರೆದಿಡು.